ಮಾವನ ಹುಟ್ಟೂರು ಕಾಗದದಲ್ಲಿ ಒಂದು, ನಿಜದಲ್ಲಿ ಇನ್ನೊಂದು. ಅವರ ಬದುಕಿನ ಬಗ್ಗೆ ಬರೆಯುವಾಗ ಯಾವುದು ಹಾಕಲಿ?

ವಿನ್ನಿಪೆಗ್ ಸೊಸೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಕೆನಡಾದ ವಿನ್ನಿಪೆಗ್‌ನಲ್ಲಿ. ಮದುವೆಯಾಗಿ ಬಂದಿದ್ದು ಉಕ್ರೇನ್ ಮೂಲದವರ ಮನೆಗೆ. ಹೋದ ತಿಂಗಳು ನಮ್ಮ ಮಾವ ತೀರಿಕೊಂಡರು. 97 ವರ್ಷ ವಯಸ್ಸಾಗಿತ್ತು. ಇವರಲ್ಲಿ ನಲವತ್ತನೇ ದಿನ ಚರ್ಚಿನಲ್ಲಿ ಪಾನಾಖಿದಾ ಅಂತ ಪ್ರಾರ್ಥನೆ ಇರುತ್ತದೆ. ಆಮೇಲೆ ಪಕ್ಕದ ಹಾಲ್‌ನಲ್ಲಿ ಎಲ್ಲರಿಗೂ ಊಟ. ಆವತ್ತು ಓದೋದಕ್ಕೆ ಮಾವನ ಬದುಕಿನ ಬಗ್ಗೆ ಎರಡು ಪುಟ ಬರೆದುಕೊಡು ಅಂತ ಮನೆಯವರೆಲ್ಲ ನನಗೇ ಹೇಳಿದ್ದಾರೆ. ಕೊನೆಯ ವರ್ಷಗಳಲ್ಲಿ ಅವರ ಜೊತೆ ಜಾಸ್ತಿ ಇದ್ದವಳು ನಾನೇ. ಇಂಗ್ಲಿಷಿನಲ್ಲಿ ಓದಬೇಕು, ಆದರೆ ನನಗೆ ಯೋಚನೆ ಬರುವುದು ಕನ್ನಡದಲ್ಲೇ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಹಳೆಯ ದಾಖಲೆ, ಯುದ್ಧದ ಇತಿಹಾಸ ಗೊತ್ತಿರುವವರು ಇಲ್ಲಿ ಇದ್ದಾರೆ ಅನ್ನುವುದೂ ಗೊತ್ತು.

ಮೊದಲು ನಮಗೆಲ್ಲ ಗೊತ್ತಿದ್ದ ಕತೆ ಹೇಳುತ್ತೇನೆ. ಮಾವ ಹುಟ್ಟಿದ್ದು 1926ರಲ್ಲಿ, ಟೆರ್ನೋಪಿಲ್ ಹತ್ತಿರದ ಒಂದು ಹಳ್ಳಿಯಲ್ಲಿ. ಆಗ ಅದು ಪೋಲೆಂಡಿಗೆ ಸೇರಿತ್ತು. ಹದಿನಾರನೇ ವಯಸ್ಸಿಗೆ ಜರ್ಮನ್ನರು ಕೂಲಿಗೆ ಎಳೆದುಕೊಂಡು ಹೋದರು. ಯುದ್ಧ ಮುಗಿದ ಮೇಲೆ ರೇಗನ್ಸ್‌ಬುರ್ಗ್‌ನ ನಿರಾಶ್ರಿತರ ಕ್ಯಾಂಪಿನಲ್ಲಿದ್ದರು. ಅಲ್ಲೇ ಅತ್ತೆ ಸಿಕ್ಕಿದ್ದು, ಅಲ್ಲೇ ಮದುವೆ, ಅಲ್ಲೇ ದೊಡ್ಡ ನಾದಿನಿ ಹುಟ್ಟಿದ್ದು. 1948ರಲ್ಲಿ ಮಾವ ಒಬ್ಬರೇ ಕೆನಡಾಗೆ ಬಂದರು. ಉತ್ತರ ಒಂಟಾರಿಯೋದ ಕಾಡಿನಲ್ಲಿ ಮರ ಕಡಿಯುವ ಕೆಲಸ, ಕರಾರು ಮುಗಿಯುವವರೆಗೆ ಬಿಡುವ ಹಾಗಿಲ್ಲ. ಮರುವರ್ಷ ಅತ್ತೆ ಕೂಸನ್ನು ಎತ್ತಿಕೊಂಡು ಹ್ಯಾಲಿಫ್ಯಾಕ್ಸ್‌ನ ಪಿಯರ್ 21ರಲ್ಲಿ ಹಡಗು ಇಳಿದು, ರೈಲು ಹತ್ತಿ ಇಲ್ಲಿಗೆ ಬಂದರು. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾವ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದರು. ಮನೆ ನಾರ್ತ್ ಎಂಡ್‌ನಲ್ಲಿ, ರೈಲ್ವೆ ಯಾರ್ಡಿನ ಆಚೆ. ನಾಲ್ಕು ಮಕ್ಕಳು.

ಇಷ್ಟೇ ಬರೆದರೆ ಆ ಮನುಷ್ಯ ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅವರು ಮಾತಿನವರಲ್ಲ. ಸಂಬಳ ಬಂದ ದಿನ ಅಡುಗೆಮನೆಯ ಮೇಜಿನ ಮೇಲೆ ಕಾಗದದ ಲಕೋಟೆಗಳನ್ನು ಸಾಲಾಗಿ ಇಟ್ಟುಕೊಂಡು ಕೂರುತ್ತಿದ್ದರಂತೆ. ಮನೆ ಸಾಲಕ್ಕೆ ಒಂದು, ಮಕ್ಕಳ ಶೂಗಳಿಗೆ ಒಂದು, ಶನಿವಾರದ ಉಕ್ರೇನಿಯನ್ ಶಾಲೆಗೆ ಒಂದು, ಚರ್ಚಿಗೆ ಒಂದು, ಊರಿಗೆ ಕಳಿಸುವ ಪಾರ್ಸೆಲ್‌ಗೆ ಒಂದು. ಎಲ್ಲಕ್ಕಿಂತ ಮೊದಲು ತುಂಬುತ್ತಿದ್ದದ್ದು ಶೂಗಳ ಲಕೋಟೆ. ವಿನ್ನಿಪೆಗ್ ಚಳಿ ಗೊತ್ತಿದ್ದವರಿಗೆ ಅದು ಯಾಕೆ ಅಂತ ಅರ್ಥವಾಗುತ್ತದೆ. ನಾನು ಮದುವೆಯಾಗಿ ಬಂದ ಮೊದಲ ಡಿಸೆಂಬರಿನಲ್ಲಿ ನನ್ನ ಕಾಲಿನ ಅಳತೆಯನ್ನು ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಗೀಚಿಕೊಂಡು ಹೋಗಿ, ಒಳಗೆ ಉಣ್ಣೆ ಇರುವ ಬೂಟು ತಂದುಕೊಟ್ಟರು. ಆಗ ನನ್ನ ಜೊತೆ ಮಾತಾಡುವಷ್ಟು ಇಂಗ್ಲಿಷೂ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ.

ಅವರ ಕ್ರಿಸ್‌ಮಸ್ ಜನವರಿ 6ರ ರಾತ್ರಿ. ಮಾಂಸ, ಹಾಲು, ಬೆಣ್ಣೆ ಇಲ್ಲದ ಹನ್ನೆರಡು ಬಗೆ ಅಡುಗೆ. ಮೊದಲು ಕುತ್ಯಾ, ಅಂದರೆ ಬೇಯಿಸಿದ ಗೋಧಿಗೆ ಗಸಗಸೆ, ಜೇನು ಹಾಕಿದ್ದು. ಸತ್ತವರಿಗೆ ಅಂತ ಮೇಜಿನಲ್ಲಿ ಒಂದು ತಟ್ಟೆ ಇಡುತ್ತಾರೆ. ನನ್ನ ಅಪ್ಪ ತೀರಿಕೊಂಡ ವರ್ಷ ಮಾವ ಆ ತಟ್ಟೆಯ ಪಕ್ಕ ಅಪ್ಪನ ಫೋಟೋ ತಂದಿಟ್ಟರು. ನನ್ನನ್ನು ಕೇಳಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ಆಮೇಲೆ ಪ್ರತಿ ವರ್ಷ ಆ ಫೋಟೋ ಅಲ್ಲಿರುತ್ತಿತ್ತು.

ಇನ್ನು ವಿಷಯಕ್ಕೆ ಬರುತ್ತೇನೆ. ಅವರ ಕೋಣೆ ಖಾಲಿ ಮಾಡುವಾಗ ಕ್ಯಾಂಪಿನಿಂದ ತಂದಿದ್ದ ಮರದ ಪೆಟ್ಟಿಗೆ ತೆಗೆದೆವು. ಅತ್ತೆಯ ಹಳೇ ಅಂಗಿ ಸಿಕ್ಕಿತು, ತೋಳಿನ ತುಂಬ ಕಪ್ಪು ದಾರದ ದಟ್ಟ ಕಸೂತಿ. ಅದನ್ನು ಎಲ್ಲರೂ ಮೊದಲೇ ನೋಡಿದ್ದೆವು. ಅದರ ಅಡಿಯಲ್ಲಿ ಒಂದು ಗಂಡಸರ ಅಂಗಿಯ ತೋಳು, ಬರೀ ತೋಳು ಮಾತ್ರ. ಬಿಳಿ ನಾರುಬಟ್ಟೆಯ ಮೇಲೆ ಬಿಳಿ ದಾರದಲ್ಲೇ ಕಸೂತಿ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಹೂವು ಕಾಣುತ್ತದೆ. ಆ ತೋಳಿನೊಳಗೆ ಸುತ್ತಿಟ್ಟಿದ್ದ ಒಂದು ಚಿಕ್ಕ ಬಟ್ಟೆ ತುಂಡು. ನೀಲಿ ಬಣ್ಣ, ಬಿಳಿ ಅಂಚು, ನಡುವೆ ಬಿಳಿಯಲ್ಲಿ ಓ ಎಸ್ ಟಿ ಅಂತ ಮೂರು ಅಕ್ಷರ. ನಾಲ್ಕು ಮೂಲೆಯಲ್ಲೂ ಹೊಲಿಗೆ ಬಿಚ್ಚಿದ ತೂತು. ಜೊತೆಗೆ ಒಂದು ಪ್ರಾರ್ಥನೆ ಪುಸ್ತಕ. ಅದರ ಹಿಂದಿನ ರಟ್ಟಿನ ಒಳಗೆ ಮಾವನ ಕೈಬರಹದಲ್ಲಿ ಅಪ್ಪ, ಅಮ್ಮ, ಇಬ್ಬರು ತಂಗಿಯರ ಹೆಸರು, ಒಂದು ಹಳ್ಳಿಯ ಹೆಸರು, ಅದರ ಕೆಳಗೆ 'ಪೊಲ್ತಾವಾ'. ಅಪ್ಪನ ಹೆಸರಿನ ಮುಂದೆ ಮತ್ತು ಒಬ್ಬ ತಂಗಿಯ ಹೆಸರಿನ ಮುಂದೆ 1933 ಅಂತ ಬರೆದು ಶಿಲುಬೆ ಗುರುತು ಹಾಕಿದ್ದಾರೆ.

ಪೊಲ್ತಾವಾ ಟೆರ್ನೋಪಿಲ್‌ನಿಂದ ತುಂಬಾ ದೂರ. ದೇಶದ ಆ ಕಡೆ. ವಲಸೆ ಕಾಗದ, ಪೌರತ್ವದ ಕಾಗದ, ಮದುವೆ ಕಾಗದ, ನಾದಿನಿಯ ಜನ್ಮಪತ್ರ ಎಲ್ಲದರಲ್ಲೂ ಇರುವುದು ಟೆರ್ನೋಪಿಲ್ ಹಳ್ಳಿ. ಇನ್ನೂ ವಿಚಿತ್ರ ಅಂದರೆ, ಅದು ಅತ್ತೆ ಹುಟ್ಟಿದ ಹಳ್ಳಿಯೇ. ಇಬ್ಬರೂ ಒಂದೇ ಊರಿನವರು, ಕ್ಯಾಂಪಿನಲ್ಲಿ ಮತ್ತೆ ಸಿಕ್ಕರು ಅಂತಲೇ ನಾವೆಲ್ಲ ತಿಳಿದಿದ್ದೆವು.

ನನ್ನ ಗಂಡನಿಗೆ ತುಂಬಾ ಕಸಿವಿಸಿಯಾಗಿದೆ. ಅಪ್ಪ ಯಾವತ್ತೂ ಒಂದು ಸುಳ್ಳು ಹೇಳಿದವರಲ್ಲ, ಈಗ ಸಭೆಯಲ್ಲಿ ಇದನ್ನೆಲ್ಲ ಓದಿ ಜನ ಬೇರೆ ಥರ ಯೋಚಿಸುವ ಹಾಗೆ ಮಾಡುವುದು ಬೇಡ ಅಂತಾರೆ. ದೊಡ್ಡ ನಾದಿನಿ ಮಾತೇ ಆಡುತ್ತಿಲ್ಲ. ಅತ್ತೆ ತೀರಿಕೊಂಡು ತುಂಬಾ ವರ್ಷವಾಯಿತು, ಕೇಳೋಣ ಅಂದರೆ ಅವರೂ ಇಲ್ಲ.

ಮಾವ ಯಾಕೆ ಹೀಗೆ ಮಾಡಿರಬಹುದು? ನಿಜ ಯಾವುದು ಅಂತ ತಿಳಿಯುವ ದಾರಿ ಇದೆಯಾ? ಎರಡು ಪುಟದಲ್ಲಿ ಯಾವ ಊರು ಬರೆಯಲಿ?

---

ಹಳೇ ಕಾಗದ

ಅಕ್ಕಾ, ಮೊದಲು ನಿಮ್ಮ ಯಜಮಾನರಿಗೆ ಈ ಮಾತು ಹೇಳಿ. ಅವರ ಅಪ್ಪ ಮಾಡಿದ್ದನ್ನು ಆ ಕ್ಯಾಂಪುಗಳಲ್ಲಿ ಬಹಳ ಜನ ಮಾಡಿದ್ದಾರೆ. ಮಾಡದವರಲ್ಲಿ ಎಷ್ಟೋ ಜನ ಸೈಬೀರಿಯಾ ಕಂಡಿದ್ದಾರೆ. ನಾನು ಜರ್ಮನಿಯಲ್ಲಿ ದಾಖಲೆಗಳ ಕೆಲಸ ಮಾಡುವವನು. ಈ ಕಾಲದ ಕಾರ್ಡುಗಳನ್ನು ದಿನಾ ನೋಡುತ್ತೇನೆ.

ಕಾರಣ ಇದು. ಫೆಬ್ರವರಿ 1945ರಲ್ಲಿ ಯಾಲ್ಟಾದಲ್ಲಿ ಒಂದು ಒಪ್ಪಂದವಾಯಿತು. ಅದರ ಪ್ರಕಾರ ಪಶ್ಚಿಮದವರ ಕೈಗೆ ಸಿಕ್ಕ ಸೋವಿಯತ್ ಪ್ರಜೆಗಳನ್ನೆಲ್ಲ ಸೋವಿಯತ್ ಒಕ್ಕೂಟಕ್ಕೆ ವಾಪಸ್ ಕಳಿಸಬೇಕು. 'ನನಗೆ ಹೋಗಲು ಇಷ್ಟವಿಲ್ಲ' ಅಂದರೂ ಕೇಳುವವರಿಲ್ಲ. ಅಮೆರಿಕ ಮತ್ತು ಬ್ರಿಟಿಷ್ ಸೈನಿಕರೇ ಜನರನ್ನು ಟ್ರಕ್ಕಿಗೆ ಹತ್ತಿಸಿದ್ದೂ ಇದೆ. ಹಾಗೆ ಹೋದವರು ಅಲ್ಲಿ ಶೋಧನಾ ಕ್ಯಾಂಪು ದಾಟಬೇಕಿತ್ತು. ಶತ್ರುವಿಗೆ ದುಡಿದ ದ್ರೋಹಿಗಳು ಅನ್ನುವ ಕಣ್ಣಲ್ಲೇ ಅವರನ್ನು ನೋಡುತ್ತಿದ್ದರು. ಕೆಲವರು ಮನೆ ಸೇರಿದರು, ಕೆಲವರು ಕಾರ್ಮಿಕ ದಳಕ್ಕೆ, ಇನ್ನು ಕೆಲವರು ಗುಲಾಗ್‌ಗೆ, ಅಂದರೆ ಸೋವಿಯತ್ ಶಿಕ್ಷಾ ಶಿಬಿರಗಳಿಗೆ.

ಆದರೆ 1939ಕ್ಕೆ ಮುಂಚೆ ಪೋಲೆಂಡಿನ ಪ್ರಜೆಯಾಗಿದ್ದವನನ್ನು ಬಲವಂತವಾಗಿ ಕಳಿಸುವ ಹಾಗಿರಲಿಲ್ಲ. ಟೆರ್ನೋಪಿಲ್, ಲ್ವಿವ್ ಕಡೆಯವರು ಈ ಸಾಲಿಗೆ ಬರುತ್ತಾರೆ. ಪೊಲ್ತಾವಾ 1939ಕ್ಕೂ ಎಷ್ಟೋ ಮೊದಲಿನಿಂದಲೇ ಸೋವಿಯತ್. ಅಂದರೆ ಹತ್ತೊಂಬತ್ತು ವರ್ಷದ ಆ ಹುಡುಗ ಬದುಕಿ ಉಳಿಯಬೇಕಾದರೆ ಹುಟ್ಟೂರು ಬದಲಾಗಲೇಬೇಕಿತ್ತು.

ಸುಮ್ನೆ ಒಂದು ಊರಿನ ಹೆಸರು ಹೇಳಿದರೆ ಸಾಲದು. ತಪಾಸಣೆಗೆ ಕೂರಿಸಿ ಕೇಳುತ್ತಿದ್ದರು. ಪಾದ್ರಿ ಯಾರು, ಸಂತೆ ಯಾವ ವಾರ, ಹತ್ತಿರದ ರೈಲು ನಿಲ್ದಾಣ ಯಾವುದು, ಶಾಲೆಯಲ್ಲಿ ಯಾವ ಭಾಷೆ, ದುಡ್ಡು ಯಾವುದು, ಹೀಗೆ. ಗಲೀಸಿಯಾದವರು, ಅಂದರೆ ಟೆರ್ನೋಪಿಲ್, ಲ್ವಿವ್ ಇರುವ ಪಶ್ಚಿಮ ಸೀಮೆಯವರು, ಪೂರ್ವದವರಿಗೆ ಇದನ್ನೆಲ್ಲ ಕೂರಿಸಿ ಹೇಳಿಕೊಡುತ್ತಿದ್ದರು. ನಿಮ್ಮ ಅತ್ತೆ ಅದೇ ಹಳ್ಳಿಯವರು ಅಂತ ನೀವೇ ಹೇಳಿದ್ದೀರಿ. ಇದು ನನ್ನ ಊಹೆ ಅಷ್ಟೇ, ಆದರೂ ಹೇಳುತ್ತೇನೆ. ತಮ್ಮ ಊರನ್ನು ಮಾವನಿಗೆ ಕಲಿಸಿಕೊಟ್ಟವರು ಅತ್ತೆಯೇ ಇರಬೇಕು.

ಇನ್ನು ಸಾಕ್ಷಿ. ಅದು ನಿಮ್ಮ ಪೆಟ್ಟಿಗೆಯಲ್ಲೇ ಇದೆ. ಆ ನೀಲಿ ಬಟ್ಟೆ ತುಂಡು 'ಓಸ್ಟ್' ಬಿಲ್ಲೆ, ಓಸ್ಟ್ ಅಂದರೆ ಜರ್ಮನ್‌ನಲ್ಲಿ ಪೂರ್ವ. 1942ರ ಫೆಬ್ರವರಿಯ ಆದೇಶದ ಪ್ರಕಾರ ಸೋವಿಯತ್ ಪ್ರದೇಶದಿಂದ ತಂದ ಕೂಲಿಗಳು ಎದೆಯ ಮೇಲೆ ಅದನ್ನು ಹೊಲಿದುಕೊಳ್ಳಲೇಬೇಕಿತ್ತು. ಅದಿಲ್ಲದೆ ಹೊರಗೆ ಕಾಲಿಡುವ ಹಾಗಿಲ್ಲ. ಆದರೆ ಗಲೀಸಿಯಾ ಜಿಲ್ಲೆಯವರಿಗೆ ಆ ಆದೇಶ ಅನ್ವಯಿಸುತ್ತಿರಲಿಲ್ಲ. ಟೆರ್ನೋಪಿಲ್ ಆ ಜಿಲ್ಲೆಯಲ್ಲೇ ಇತ್ತು. ನಿಮ್ಮ ಮಾವ ಕಾಗದದಲ್ಲಿ ಇರುವ ಊರಿನವರೇ ಆಗಿದ್ದರೆ ಆ ಬಿಲ್ಲೆ ಅವರ ಅಂಗಿಯ ಮೇಲೆ ಇರುತ್ತಲೇ ಇರಲಿಲ್ಲ. ಕ್ಯಾಂಪಿನ ತಪಾಸಣೆಯಲ್ಲಿ ಅದು ಯಾರ ಕಣ್ಣಿಗಾದರೂ ಬಿದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೂ ಅದನ್ನು ಬಿಸಾಡದೆ ಇಟ್ಟುಕೊಂಡಿದ್ದಾರೆ. ನಾನು ಇದನ್ನು ಎರಡು ಸಲ ಓದಿದೆ.

ಬಿಳಿ ಮೇಲೆ ಬಿಳಿ ಕಸೂತಿ ಪೊಲ್ತಾವಾ ಕಡೆಯ ಹೆಸರಾಂತ ಕೆಲಸ. ಅಲ್ಲಿನ ರೆಷೆತಿಲಿವ್ಕಾ ಈಗಲೂ ಅದಕ್ಕೇ ಪ್ರಸಿದ್ಧಿ. ಅತ್ತೆಯ ಕಪ್ಪು ದಾರದ ಅಂಗಿ ಬೋರ್ಶ್ಚಿವ್ ಕಡೆಯದ್ದಿರಬಹುದು. ಅದು ಟೆರ್ನೋಪಿಲ್ ಪ್ರಾಂತ್ಯ. ಎರಡೂ ಒಂದರ ಕೆಳಗೆ ಒಂದು ಇದ್ದವು ಅಂದಿರಲ್ಲ, ಎರಡೂ ಊರು ಪೆಟ್ಟಿಗೆಯಲ್ಲೇ ಇವೆ.

ದಾಖಲೆ ಬೇಕಾದರೆ ಜರ್ಮನಿಯ ಬಾಡ್ ಆರೊಲ್ಸೆನ್‌ನಲ್ಲಿರುವ ಆರೊಲ್ಸೆನ್ ಆರ್ಕೈವ್ಸ್ ನೋಡಿ. ಸುಮಾರು 3 ಕೋಟಿ ದಾಖಲೆಗಳಿವೆ, ಬಹುಪಾಲು ಆನ್‌ಲೈನ್‌ನಲ್ಲೇ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಒಂದು ಕಿವಿಮಾತು. 1945ರ ನಂತರದ ಕ್ಯಾಂಪ್ ಕಾಗದದಲ್ಲಿ ಟೆರ್ನೋಪಿಲ್ಲೇ ಸಿಗುತ್ತದೆ. ನೀವು ಹುಡುಕಬೇಕಾದ್ದು ಯುದ್ಧದ ಕಾಲದ್ದು, ಅಂದರೆ 1942ರಿಂದ 45ರವರೆಗೆ ಮಾಲೀಕರು, ಕಾರ್ಖಾನೆ, ಆರೋಗ್ಯ ವಿಮೆಯವರು ಮಾಡಿದ ನೋಂದಣಿ. ಆಗ ಊರು ಮುಚ್ಚಿಡುವ ಅಗತ್ಯವೇ ಇರಲಿಲ್ಲ. ಹೆಸರಿನ ಕಾಗುಣಿತ ಜರ್ಮನ್ ಥರ, ಪೋಲಿಷ್ ಥರ ಎರಡೂ ಹಾಕಿ ನೋಡಿ. ಹುಟ್ಟಿದ ತಾರೀಖನ್ನು ಮಾತ್ರ ಜನ ಸಾಮಾನ್ಯವಾಗಿ ಬದಲಾಯಿಸುತ್ತಿರಲಿಲ್ಲ. ಅದೇ ನಿಮಗೆ ಗಟ್ಟಿ ಆಧಾರ.

---

ಎಡ್ಮಂಟನ್ ನಿವೃತ್ತ

ಮೇಡಂ, ನಾನು ಆಲ್ಬರ್ಟಾದಲ್ಲಿ ವರ್ಷಗಟ್ಟಲೆ ಉಕ್ರೇನಿಯನ್ ಹಿರಿಯರ ನಡುವೆ ಕೆಲಸ ಮಾಡಿದವನು. ಮೇಲಿನವರು ಹೇಳಿದ್ದು ಸರಿ. ಕೆನಡಾಗೆ ಬಂದ ಮೇಲೂ ಯಾಕೆ ಬಾಯಿ ಬಿಡಲಿಲ್ಲ ಅನ್ನುವುದಕ್ಕೆ ನಾಲ್ಕು ಮಾತು ಸೇರಿಸುತ್ತೇನೆ.

ಯುದ್ಧದ ನಂತರ ಹೀಗೆ ಬಂದ ಉಕ್ರೇನಿಯನ್ನರು 30 ಸಾವಿರಕ್ಕೂ ಹೆಚ್ಚು. ಇಲ್ಲಿ ಮೊದಲೇ ನೆಲೆಯೂರಿದ ಉಕ್ರೇನಿಯನ್ನರು ಇದ್ದರು. 1891ರಿಂದಲೇ ಗಲೀಸಿಯಾದಿಂದ ಬಂದು, ಹತ್ತು ಡಾಲರ್ ಶುಲ್ಕ ಕಟ್ಟಿ 160 ಎಕರೆ ಪಡೆದು, ಹುಲ್ಲುಗಾವಲು ಉತ್ತವರ ಮಕ್ಕಳು, ಮೊಮ್ಮಕ್ಕಳು. ಅವರಿಗೂ ಕಹಿ ನೆನಪಿತ್ತು. ಮೊದಲ ಮಹಾಯುದ್ಧದಲ್ಲಿ ಇದೇ ಕೆನಡಾ ಸಾವಿರಾರು ಉಕ್ರೇನಿಯನ್ನರನ್ನು ಶತ್ರು ದೇಶದವರು ಅಂತ ಬಂಧನ ಕ್ಯಾಂಪುಗಳಲ್ಲಿ ಇಟ್ಟು ದುಡಿಸಿಕೊಂಡಿತ್ತು. ಸರ್ಕಾರದ ಮೇಜಿನ ಮುಂದೆ ಕಡಿಮೆ ಮಾತಾಡು ಅನ್ನುವುದು ಆ ಸಮಾಜದಲ್ಲಿ ಮೊದಲಿನಿಂದಲೇ ಇತ್ತು.

ಆಮೇಲೆ ಪೌರತ್ವ. ಸುಳ್ಳು ಮಾಹಿತಿ ಕೊಟ್ಟು ಪಡೆದ ಪೌರತ್ವವನ್ನು ಸರ್ಕಾರ ರದ್ದು ಮಾಡಬಹುದು. 1985ರಲ್ಲಿ ಯುದ್ಧಾಪರಾಧಿಗಳು ಇಲ್ಲಿ ಅಡಗಿದ್ದಾರಾ ಅಂತ ತನಿಖೆ ಮಾಡಲು ಡೆಶೆನ್ ಆಯೋಗ ಕೂತಾಗ, ಯಾವ ತಪ್ಪೂ ಮಾಡದ ಕೂಲಿಯವರಿಗೂ ನಿದ್ದೆ ಬರಲಿಲ್ಲ. ಕ್ಯಾಂಪಿನಲ್ಲಿ ಹೇಳಿದ ಊರಿನ ಹೆಸರು ಮೇಲೆ ಬಂದು ಮಕ್ಕಳಿಗೆ ತೊಂದರೆಯಾದರೆ ಅನ್ನುವ ಹೆದರಿಕೆ. ನನ್ನ ಕೈ ಹಿಡಿದುಕೊಂಡು ಇದನ್ನು ಹೇಳಿದ ಅಜ್ಜಂದಿರಿದ್ದಾರೆ.

ಮೂರನೆಯದು, ಅಲ್ಲೇ ಉಳಿದವರು. ಮಗ ಪಶ್ಚಿಮದಲ್ಲಿ ಬದುಕಿದ್ದಾನೆ ಅಂತ ಗೊತ್ತಾದರೆ ಪೊಲ್ತಾವಾದಲ್ಲಿದ್ದ ಅಮ್ಮನಿಗೆ, ತಂಗಿಗೆ ತೊಂದರೆ. ಪಾರ್ಸೆಲ್ ಲಕೋಟೆ ಅಂದಿರಲ್ಲ, ಆ ಪಾರ್ಸೆಲ್‌ಗಳು ಎಲ್ಲಿಗೆ ಹೋಗುತ್ತಿದ್ದವು ಅಂತ ನಾದಿನಿಯನ್ನು ಕೇಳಿ. ಆ ಕಾಲದಲ್ಲಿ ಎಲ್ಲರೂ ಕಳಿಸುತ್ತಿದ್ದದ್ದು ಹೂವಿನ ಚಿತ್ರದ ಉಣ್ಣೆಯ ತಲೆವಸ್ತ್ರ. ಹಗುರ, ಮಡಿಚಿದರೆ ಜಾಗ ಬೇಡ, ಅಲ್ಲಿ ಒಳ್ಳೇ ಬೆಲೆಗೆ ಮಾರಿಕೊಳ್ಳಬಹುದಿತ್ತು. ದುಡ್ಡು ಕಳಿಸಿದರೆ ಕೈ ಸೇರುವ ನಂಬಿಕೆ ಇರಲಿಲ್ಲ. ಎಷ್ಟೋ ಮನೆಯಲ್ಲಿ ಪಾರ್ಸೆಲ್ ಹೋಗುತ್ತಿದ್ದದ್ದು ಹೆಂಡತಿಯ ಕಡೆಯವರ ವಿಳಾಸಕ್ಕೆ, ಅಲ್ಲಿಂದ ಮುಂದಕ್ಕೆ.

ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಊರು ಬರೆಯಿರಿ. ಯಾಕೆ ಎರಡು ಅಂತಲೂ ಬರೆಯಿರಿ. ಆ ಹಾಲ್‌ನಲ್ಲಿ ಕೂತ ಹಿರಿಯರಲ್ಲಿ ಒಂದಿಬ್ಬರಾದರೂ ಇದೇ ಭಾರ ಹೊತ್ತವರು ಇದ್ದೇ ಇರುತ್ತಾರೆ.

---

ಮೌನಿ

ಕ್ಷಮಿಸಿ, ನನ್ನದು ಬೇರೆ ಅಭಿಪ್ರಾಯ. ಅವರು 70 ವರ್ಷಕ್ಕೂ ಹೆಚ್ಚು ಕಾಲ ಹೇಳಲಿಲ್ಲ. 1991ರಲ್ಲಿ ಉಕ್ರೇನ್ ಸ್ವತಂತ್ರವಾಯಿತು, ಹೆದರಿಕೆಗೆ ಕಾರಣ ಕಡಿಮೆಯಾಯಿತು. ಆಗಲೂ ಹೇಳಲಿಲ್ಲ. ಅಂದರೆ ಹೇಳಬಾರದು ಅಂತಲೇ ಅವರ ನಿರ್ಧಾರವಾಗಿತ್ತು, ಅಲ್ವಾ? ಇತಿಹಾಸ ನಮಗೆ ಆಸಕ್ತಿಯ ವಿಷಯ. ಅವರಿಗೆ ಅದು ಸ್ವಂತ ಬದುಕು. ಮಕ್ಕಳಿಗೆ ಮನೆಯೊಳಗೆ ಹೇಳಿ. ಇನ್ನೂರು ಜನರ ಮುಂದೆ ಓದುವ ಮೊದಲು ದಯವಿಟ್ಟು ಯೋಚಿಸಿ. ಮಾವನ ಮೇಲಿನ ಪ್ರೀತಿಯಿಂದ ಬರೆಯುತ್ತಿದ್ದೀರಿ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

---

ವಿನ್ನಿಪೆಗ್ ಸೊಸೆ

ಎಲ್ಲರಿಗೂ ಕೃತಜ್ಞತೆ. ಮೌನಿಯವರೇ, ನಿಮ್ಮ ಮಾತನ್ನು ನನ್ನ ಗಂಡನಿಗೆ ಅನುವಾದ ಮಾಡಿ ಓದಿ ಹೇಳಿದೆ. ಅವರದ್ದೂ ಅದೇ ಯೋಚನೆಯಾಗಿತ್ತು. ಆಮೇಲೆ ಎರಡು ಸಂಗತಿ ನಡೆದವು.

ಒಂದು, ದೊಡ್ಡ ನಾದಿನಿ ಬಾಯಿ ಬಿಟ್ಟರು. 'ಹಳೇ ಕಾಗದ' ಅವರು ಬರೆದ ತಪಾಸಣೆಯ ವಿಷಯ ಹೇಳಿದ್ದೇ ತಡ, ಅವರು ಎದ್ದು ಹೋಗಿ ಒಂದು ಹಾಳೆ ತಂದರು. ಅತ್ತೆ ಸಾಯುವ ಮುಂಚೆ ಮಗಳ ಕೈಗೆ ಕೊಟ್ಟಿದ್ದಂತೆ. ಹಳ್ಳಿಯ ನಕ್ಷೆ. ಪೆನ್ಸಿಲ್‌ನಲ್ಲಿ ಬರೆದದ್ದು, ಮಡಿಕೆಯಲ್ಲೆಲ್ಲ ಸವೆದಿದೆ. ಚರ್ಚು, ಬಾವಿ, ಗಿರಣಿ, ಪಾದ್ರಿಯ ಮನೆ, ಹೊಳೆಗೆ ಇಳಿಯುವ ದಾರಿ. ಪ್ರತಿ ಮನೆಯ ಮೇಲೂ ಒಂದು ಹೆಸರು. ಒಂದು ಮನೆಯ ಮುಂದೆ ನಾಯಿಯ ಹೆಸರೂ ಇದೆ. ಎಲ್ಲ ಅತ್ತೆಯ ಕೈಬರಹ. ಕೆಲವು ಹೆಸರುಗಳ ಕೆಳಗೆ ಮಾವನ ಬರಹದಲ್ಲಿ ಅದೇ ಹೆಸರು ಮತ್ತೆ ಮತ್ತೆ, ಬಾಯಿಪಾಠ ಮಾಡುವವರ ಹಾಗೆ. ಯಾಕೆ ಅಪ್ಪ ಅಮ್ಮ ತಮ್ಮದೇ ಊರಿನ ನಕ್ಷೆ ಬರೆದುಕೊಂಡಿದ್ದಾರೆ ಅಂತ ನಾದಿನಿಗೆ ಇಷ್ಟು ವರ್ಷ ಅರ್ಥವಾಗಿರಲಿಲ್ಲವಂತೆ. ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ನಾವು ಮೂವರೂ ತುಂಬಾ ಹೊತ್ತು ಕೂತಿದ್ದೆವು. ಇಪ್ಪತ್ತು ವರ್ಷದ ಹುಡುಗಿ ತನ್ನ ಊರನ್ನೇ ಒಬ್ಬ ಹುಡುಗನಿಗೆ ಕೊಟ್ಟಿದ್ದಾಳೆ. ಅವನು ಅದನ್ನು ಸಾಯುವವರೆಗೆ ಇಟ್ಟುಕೊಂಡಿದ್ದಾನೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಅಂತ ಮೊದಲು ಹೇಳಿದವರು ನನ್ನ ಗಂಡನೇ.

ಪಾರ್ಸೆಲ್ ವಿಷಯವೂ ಹಾಗೇ. ಎಲ್ಲ ಅತ್ತೆಯ ಅಕ್ಕನ ವಿಳಾಸಕ್ಕೇ ಹೋಗುತ್ತಿದ್ದವು. ಆದರೆ ಪ್ರತಿ ಸಲ ತಲೆವಸ್ತ್ರಗಳನ್ನು ಎರಡು ಕಟ್ಟು ಮಾಡುತ್ತಿದ್ದರಂತೆ, ಎರಡನೇ ಕಟ್ಟನ್ನು ಮಾವ ತಾವೇ ಕಟ್ಟುತ್ತಿದ್ದರಂತೆ. ಸ್ವಾತಂತ್ರ್ಯ ಬಂದ ಮೇಲೆ ಇಬ್ಬರೂ ಒಂದು ಸಲ ಊರಿಗೆ ಹೋಗಿದ್ದರು. ಅತ್ತೆ ತವರಿನಲ್ಲೇ ಉಳಿದರು. ಮಾವ ಕೀವ್‌ಗೆ ಹೋಗಿ ಬರುತ್ತೇನೆ ಅಂತ ಹೇಳಿ ಕೆಲವು ದಿನ ಕಾಣಲಿಲ್ಲ. ಎಲ್ಲಿಗೆ ಹೋಗಿದ್ದರು ಅಂತ ಈಗ ಗೊತ್ತಾಗುತ್ತಿದೆ. ಅಮ್ಮ ಅಷ್ಟರಲ್ಲಿ ಇರಲಿಲ್ಲ ಅನಿಸುತ್ತದೆ. ಪ್ರಾರ್ಥನೆ ಪುಸ್ತಕದಲ್ಲಿ ಅಮ್ಮನ ಹೆಸರಿನ ಮುಂದೆ ಇಸವಿಯನ್ನು ಬೇರೆ ಪೆನ್ನಿನಲ್ಲಿ ಬರೆದಿದ್ದಾರೆ, ಗಾಢ ನೀಲಿ ಬಾಲ್‌ಪೆನ್.

ಎರಡನೆಯದು, ಮೌನಿಯವರ ಪ್ರಶ್ನೆಗೆ ಉತ್ತರ. ಮಾವ ಯಾರಿಗೂ ಹೇಳಲಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಹೇಳಿದ್ದಾರೆ. 2022ರಲ್ಲಿ ಯುದ್ಧ ಶುರುವಾದ ಮೇಲೆ ಉಕ್ರೇನಿನಿಂದ ತುಂಬಾ ಕುಟುಂಬಗಳು ವಿನ್ನಿಪೆಗ್‌ಗೆ ಬಂದವು. ಚರ್ಚಿನ ಹಾಲ್‌ನಲ್ಲಿ ಅವರಿಗೆ ಬಟ್ಟೆ, ಪಾತ್ರೆ ಹಂಚುತ್ತಿದ್ದೆವು. 95 ದಾಟಿದ್ದ ಮಾವ ಒಂದು ಕುರ್ಚಿ ಹಾಕಿಕೊಂಡು ಮಕ್ಕಳ ಬೂಟುಗಳ ರಾಶಿಯ ಪಕ್ಕ ಕೂರುತ್ತಿದ್ದರು. ಬಂದ ಮಕ್ಕಳ ಕಾಲು ನೋಡಿ ಸರಿಯಾದ ಜೊತೆ ಹುಡುಕಿ ಕೊಡುವುದು ಅವರ ಕೆಲಸ. ಹಾಗೆ ಬಂದ ಒಬ್ಬ ತಾಯಿ ಈಗ ನಮ್ಮ ಬೀದಿಯಲ್ಲೇ ಇದ್ದಾಳೆ. ಅಂತ್ಯಕ್ರಿಯೆಗೂ ಬಂದಿದ್ದಳು. ಮೊನ್ನೆ ಅವಳನ್ನು ಮನೆಗೆ ಕರೆದು ಆ ಬಿಳಿ ತೋಳು ತೋರಿಸಿದೆ. ನೋಡಿದವಳೇ, 'ಅಜ್ಜ ನನಗೆ ಹೇಳಿದ್ದರಲ್ಲ, ಅವರದ್ದು ನಮ್ಮ ಪೊಲ್ತಾವಾ ಕಡೆ ಅಂತ' ಅಂದಳು. ಅವಳ ಮಾತಿನ ಧಾಟಿ ಕೇಳಿ ಅವಳ ಊರು ಯಾವುದು ಅಂತ ಮಾವ ಕೇಳಿದ್ದರಂತೆ. ಅವಳು ಹೇಳಿದ ಮೇಲೆ ತಮ್ಮ ಹಳ್ಳಿಯ ಹೆಸರು ಹೇಳಿ, ಅಲ್ಲಿಂದ ನದಿ ಎಷ್ಟು ದೂರ ಅಂತಲೂ ಹೇಳಿದ್ದರಂತೆ. ಅವಳಿಗೆ ಅದು ಗುಟ್ಟು ಅಂತಲೇ ಗೊತ್ತಿರಲಿಲ್ಲ.

ಅದಕ್ಕೇ ಬರೆಯುತ್ತಿದ್ದೇನೆ. ಎರಡೂ ಊರು ಇರುತ್ತದೆ. ಮೊದಲ ಸಾಲು ಹೀಗೆ ಹಾಕಿದ್ದೇನೆ: 'ಅವರು ಪೊಲ್ತಾವಾ ಸೀಮೆಯಲ್ಲಿ ಹುಟ್ಟಿದರು. ಬದುಕಲು ಬೇಕಾದ ಇನ್ನೊಂದು ಊರನ್ನು ಅವರಿಗೆ ಕೊಟ್ಟವರು ಅವರ ಹೆಂಡತಿ.' 1933ರ ಬಗ್ಗೆಯೂ ಬರೆಯುತ್ತೇನೆ. ಅದು ಹೊಲೊಡೊಮೊರ್ ವರ್ಷ, ಸೋವಿಯತ್ ಸರ್ಕಾರ ಹಳ್ಳಿಗಳಿಂದ ಕಾಳು ಬಾಚಿಕೊಂಡು ಹೋಗಿ ಲಕ್ಷಾಂತರ ಜನ ಹಸಿವಿನಿಂದ ಸತ್ತ ವರ್ಷ. ಏಳು ವರ್ಷದ ಹುಡುಗ ಅಪ್ಪನನ್ನು, ತಂಗಿಯನ್ನು ಕಳೆದುಕೊಂಡಿದ್ದ. ನಮ್ಮ ನೆಲಮಾಳಿಗೆಯಲ್ಲಿ ಬಾಯ್ಲರಿನ ಹಿಂದೆ ಒಣಗಿಸಿದ ಬ್ರೆಡ್ಡಿನ ಚೀಲ ಯಾವಾಗಲೂ ಇರುತ್ತಿತ್ತು. ಮಾವ ಅದನ್ನು ತಿಂಗಳಿಗೊಮ್ಮೆ ಬಿಚ್ಚಿ, ಹುಳ ಬಿದ್ದಿದೆಯಾ ನೋಡಿ, ಮತ್ತೆ ಕಟ್ಟಿಡುತ್ತಿದ್ದರು. ಟೆರ್ನೋಪಿಲ್ ಕಡೆ ಆಗ ಪೋಲೆಂಡ್, ಆ ಬರ ಅಲ್ಲಿ ಇರಲಿಲ್ಲ. ಅತ್ತೆ ಆ ಚೀಲ ಯಾವತ್ತೂ ಮುಟ್ಟುತ್ತಿರಲಿಲ್ಲ, ತೆಗೆಯಿರಿ ಅಂತಲೂ ಹೇಳುತ್ತಿರಲಿಲ್ಲ. ಈಗ ಅದೆಲ್ಲ ಒಂದೊಂದಾಗಿ ನನಗೆ ಸರಿ ಹೊಂದುತ್ತಿದೆ.

ಆರೊಲ್ಸೆನ್‌ನಲ್ಲೂ ಹುಡುಕಿದೆವು. ಜರ್ಮನ್ ಕಾಗುಣಿತದಲ್ಲಿ ಹಾಕಿದಾಗ ಒಂದು ನೋಂದಣಿ ಸಿಕ್ಕಿತು. ಹುಟ್ಟಿದ ತಾರೀಖು ಸರಿಯಾಗಿ ಹೊಂದುತ್ತದೆ. ಊರಿನ ಜಾಗದಲ್ಲಿ ಏನೋ ಬರೆದು ಪಕ್ಕದಲ್ಲಿ 'ಪೊಲ್ತಾವಾ' ಅಂತ ಇದೆ. ಕೆಲಸ ಅನ್ನುವ ಕಡೆ ಇರುವ ಒಂದು ಚಿಕ್ಕ ಪದ ಓದಲಾಗುತ್ತಿಲ್ಲ. ಹಳೇ ಕಾಗದ ಅವರೇ, ಅದರ ಫೋಟೋ ನಿಮಗೆ ಖಾಸಗಿಯಾಗಿ ಕಳಿಸಲಾ? ಆ ತಂಗಿಯ ಮಕ್ಕಳು ಈಗಲೂ ಅಲ್ಲಿದ್ದರೆ ಹುಡುಕಬೇಕು ಅಂತ ನಾದಿನಿಗೆ ಆಸೆ.

---

ಹಳೇ ಕಾಗದ

ಖಂಡಿತ ಕಳಿಸಿ ಅಕ್ಕಾ, ಇವತ್ತೇ ನೋಡುತ್ತೇನೆ. ಅಲ್ಲಿ ಸಾಮಾನ್ಯವಾಗಿ ಇರುವುದು 'ಹೊಲದ ಕೂಲಿ' ಇಲ್ಲವೇ 'ಸಹಾಯಕ ಕೂಲಿ' ಅನ್ನುವ ಪದ. ಹೊಲ ಅಂತಿದ್ದರೆ ಆ ರೈತನ ಹಳ್ಳಿಯ ಪಂಚಾಯ್ತಿಯಲ್ಲೂ ಹಳೇ ನೋಂದಣಿ ಪುಸ್ತಕ ಇರಬಹುದು. ಅಲ್ಲಿಗೆ ಜರ್ಮನ್‌ನಲ್ಲಿ ಪತ್ರ ನಾನೇ ಬರೆದುಕೊಡುತ್ತೇನೆ.

ತಂಗಿಯ ಮಕ್ಕಳ ಬಗ್ಗೆ ಒಂದು ಮಾತು. ಯುದ್ಧ ನಡೆಯುತ್ತಿರುವಾಗ ಪೊಲ್ತಾವಾದ ಸರ್ಕಾರಿ ದಾಖಲೆ ಕಚೇರಿಗೆ ಪತ್ರ ಬರೆದು ಕಾಯುವುದಕ್ಕಿಂತ ನಿಮ್ಮ ಬೀದಿಯ ಆ ಹೆಣ್ಣುಮಗಳನ್ನು ಕೇಳಿ. ಹಳ್ಳಿಯ ಹೆಸರು, ತಂಗಿಯ ಹೆಸರು ಎರಡೂ ನಿಮ್ಮ ಹತ್ತಿರ ಇದೆ. ಅವಳ ಕಡೆಯವರು ಯಾರಾದರೂ ಆ ಊರಿನಲ್ಲಿ ವಿಚಾರಿಸಿದರೆ ಬೇಗ ತಿಳಿಯುತ್ತದೆ. ಮದುವೆಯಾದ ಮೇಲೆ ತಂಗಿಯ ಮನೆತನದ ಹೆಸರು ಬದಲಾಗಿರುತ್ತದೆ, ಅದಕ್ಕೆ ಅವರ ಅಪ್ಪನ ಹೆಸರನ್ನೂ ಸೇರಿಸಿ ಕೇಳಲು ಹೇಳಿ. ಅಲ್ಲಿ ಹಿರಿಯರನ್ನು ಗುರುತಿಸುವುದೇ ಹಾಗೆ. ನಕ್ಷೆಯ ಹಾಳೆಯನ್ನು ಮಾತ್ರ ಮತ್ತೆ ಮಡಿಚಬೇಡಿ. ಆಮ್ಲ ಇಲ್ಲದ ಎರಡು ಕಾಗದದ ನಡುವೆ ಸಪಾಟಾಗಿ ಇಟ್ಟು, ಬಿಸಿಲು ಬೀಳದ ಕಡೆ ಇಡಿ. ಸೆಲೋಟೇಪ್ ಹಚ್ಚಲೇಬೇಡಿ.